ಸರ್ ಅವರನ್ನು ಕರೆತರಲು ಹೋದದ್ದು

ನಮ್ಮ ಹೈಸ್ಕೂಲಿನಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಹಾಜರಿ ಕರೆಯುವಾಗ ಯಾರಾದರೂ ಬಂದಿಲ್ಲವೆಂದು ಗೊತ್ತಾದರೆ, ನಮ್ಮ ಕ್ಲಾಸ್ ಟೀಚರ್ ಆಗಿದ್ದ ಗಣಿತದ ಸರ್ ನಾಲ್ಕು ಜನರನ್ನು ಎಬ್ಬಿಸಿ ಅವರ ಮನೆಗೆ ಕಳಿಸುತ್ತಿದ್ದರು. ಬಾರದವನು ಹುಡುಗನಾದರೆ ನಾಲ್ಕು ಹುಡುಗರು, ಹುಡುಗಿಯಾದರೆ ನಾಲ್ಕು ಹುಡುಗಿಯರು. ಹೋದವರು ಬರಿಗೈಯಲ್ಲಿ ವಾಪಸ್ ಬರುವಂತಿರಲಿಲ್ಲ. ಹೊಲದಲ್ಲಿದ್ದರೆ ಹೊಲದಿಂದ, ಸಂತೆಗೆ ಹೊರಟಿದ್ದರೆ ಬಸ್ ಸ್ಟ್ಯಾಂಡಿನಿಂದ ಎಳೆದುಕೊಂಡು ಬರಬೇಕು. ಇದಕ್ಕೆ ನಾವು ಇಟ್ಟಿದ್ದ ಹೆಸರು ಜಪ್ತಿ ಪಾರ್ಟಿ. ಕಂತು ಕಟ್ಟದವರ ಬೈಕ್ ಒಯ್ಯಲು ಬರುವವರಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ.

ನಾನು ಎಂಟನೇ ಇಯತ್ತೆಯಿಂದ ದಿನಚರಿ ಬರೆಯುತ್ತೇನೆ. ವಾರ, ಹವಾ, ಶಾಲೆಗೆ ಯಾರು ಬಂದರು, ಮನೆಯಲ್ಲಿ ಏನಾಯಿತು, ಇಷ್ಟೇ. ಒಬ್ಬರ ಮೇಲೆ ಸಿಟ್ಟಿದ್ದರೆ ಅವರ ಒಳ್ಳೆಯದನ್ನೂ ಅದೇ ಪುಟದಲ್ಲಿ ಬರೆಯಬೇಕೆಂದು ನಿಯಮ ಮಾಡಿಕೊಂಡಿದ್ದೇನೆ. ಹಾಗಾಗಿ ಮೊದಲು ಅದನ್ನು ಬರೆದುಬಿಡುತ್ತೇನೆ. ಸರ್ ಗಣಿತ ಕಲಿಸುವುದರಲ್ಲಿ ಎತ್ತಿದ ಕೈ. ಪ್ರಮೇಯ ಅಂದರೆ ಹೆದರುತ್ತಿದ್ದ ನಾನು ಅವರಿಂದಲೇ ಅದನ್ನು ಕಲಿತೆ. ಜಪ್ತಿ ಪಾರ್ಟಿಯಿಂದ ಉಪಕಾರವೂ ಆಗಿತ್ತು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದ ಹುಡುಗಿಯರು ಆ ಪಾರ್ಟಿಯ ದೆಸೆಯಿಂದಲೇ ಹತ್ತನೇ ಇಯತ್ತೆಯವರೆಗೆ ಬಂದರು. ಇಲ್ಲಿಗೆ ಅವರ ಒಳ್ಳೆಯದು ಮುಗಿಯಿತು.

ಶಾಲೆಯ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಶಿಗ್ಗಾವಿ ತಾಲೂಕಿನದು, ಸವಣೂರಿನ ಕಡೆಗೆ ಹೋಗುವ ರಸ್ತೆಯಲ್ಲಿದೆ, ಅಷ್ಟು ಸಾಕು.

ನಾನು ಹತ್ತನೆಯಲ್ಲಿದ್ದ ವರ್ಷ, ದೀಪಾವಳಿ ಮುಗಿದು ಗೋವಿನಜೋಳದ ರಾಶಿಗಳು ರಸ್ತೆಯ ಮೇಲೆ ಒಣಗುತ್ತಿದ್ದ ಕಾಲದಲ್ಲಿ, ಶಾಲೆಯಲ್ಲಿ ಕೆಮ್ಮು ಶುರುವಾಯಿತು. ಮೊದಲು ಕಿಟಕಿ ಕಡೆಯ ಬೆಂಚು, ಆಮೇಲೆ ಅದರ ಹಿಂದಿನದು. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗ ನಿಂತಲ್ಲೇ ಕುಸಿದ. ಚಳಿ, ಮೈಕೈ ನೋವು, ಮೈ ಸುಡುವ ಜ್ವರ, ಎಲ್ಲರಿಗೂ ಒಂದೇ ನಮೂನೆ. ಬೇರೆ ಕ್ಲಾಸಿನ ಟೀಚರುಗಳು ಜ್ವರ ಬಂದವರನ್ನು ಮನೆಗೆ ಕಳಿಸುತ್ತಿದ್ದರು. ನಮ್ಮ ಸರ್ ಕಳಿಸಲಿಲ್ಲ. ಪರೀಕ್ಷೆಯ ವರ್ಷವಾದ್ದರಿಂದ ದಿನಾ ಹತ್ತು ಗಂಟೆಗೆ ತುಂಬಿದ ಬೆಂಚುಗಳ ಫೋಟೋ ತೆಗೆದು ಅಧಿಕಾರಿಗಳಿರುವ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಇಡೀ ತಾಲೂಕಿನಲ್ಲಿ ಅವರ ಫೋಟೋಕ್ಕೆ ಹೆಬ್ಬೆರಳು ಜಾಸ್ತಿ ಬೀಳುತ್ತವೆಂದು ಅವರೇ ಒಂದು ಸಲ ನಮಗೆ ತೋರಿಸಿದ್ದರು. ಖಾಲಿ ಬೆಂಚಿನ ಫೋಟೋ ಅವರಿಂದ ಹೋಗುವುದು ಸಾಧ್ಯವಿರಲಿಲ್ಲ. ಹಾಗಾಗಿ ಕೆಮ್ಮು ಹೆಚ್ಚಾದಷ್ಟೂ ಪಾರ್ಟಿಯ ತಿರುಗಾಟವೂ ಹೆಚ್ಚಾಯಿತು. ಹೊರಡುವ ಮುಂಚೆ ಪಾರ್ಟಿಗೆ ಅವರು ಹೇಳುತ್ತಿದ್ದ ಮಾತು ಇದು:

“ಉಸಿರಾಡಾಕತ್ತಾರಂದ್ರ ಹಾಜರ್. ನೆಪಾ ಕೇಳಬ್ಯಾಡ್ರಿ, ಕರಕೊಂಡು ಬರ್ರಿ.”

ನಾವೆಲ್ಲ ನಗುತ್ತಿದ್ದೆವು. ಆಗ ಅದು ನಗುವ ಮಾತಾಗಿಯೇ ಇತ್ತು.

ಕೆಮ್ಮು ಶುರುವಾದ ಮೇಲೆ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಹಿರೇಕೆರೂರಿಗೆ ಕೊಟ್ಟಿದೆ. ಭಾವ ಅಲ್ಲಿಯ ಪೇಟೆಯಲ್ಲಿ ಗೋವಿನಜೋಳ ತೂಕ ಮಾಡುವ ಕೆಲಸದಲ್ಲಿದ್ದಾನೆ. ಅಕ್ಕನಿಗೆ ಎಂಟನೇ ತಿಂಗಳು ನಡೆದಿತ್ತು. ತಪಾಸಣೆಗೆ ಹೋದಾಗ ದವಾಖಾನೆಯ ಡಾಕ್ಟರು, ಊರಲ್ಲಿ ಜ್ವರ ಇದೆ, ಕೆಮ್ಮುವವರ ಹತ್ತಿರ ಸುಳಿಯಬೇಡ, ಈ ಹೊತ್ತಿನಲ್ಲಿ ನಿನಗೆ ಬಂದರೆ ಎಲ್ಲರ ಹಾಗೆ ಹೋಗುವುದಿಲ್ಲ ಎಂದು ಎಚ್ಚರಿಸಿದ್ದರು. ಅವ್ವ ಅದನ್ನು ಮನೆಗೆ ಬಂದು ಎಲ್ಲರಿಗೂ ಹೇಳಿದಳು, ಎಮ್ಮೆಗೂ ಹೇಳಿದಳೋ ಏನೋ, ಅಷ್ಟು ಸಲ ಹೇಳಿದಳು.

ಒಂದು ಸೋಮವಾರ ಸಂಜೆ ನನಗೆ ಮೈ ಬಿಸಿಯಾಯಿತು. ನಾನು ಯಾರೂ ಹೇಳುವ ಮುಂಚೆಯೇ ಚಾಪೆ, ಹೊದಿಕೆ, ನನ್ನ ತಾಟು, ನನ್ನ ಲೋಟ ತೆಗೆದುಕೊಂಡು ಹಿತ್ತಲಿನ ಹೊಟ್ಟಿನ ಕೋಣೆಗೆ ಹೋದೆ. ಅಕ್ಕ ಮಲಗುತ್ತಿದ್ದದ್ದು ಮುಂದಿನ ಪಡಸಾಲೆಯಲ್ಲಿ, ಕಿಟಕಿಯ ಕೆಳಗಿನ ಮಂಚದ ಮೇಲೆ. ನಡುವೆ ಅಡಿಗೆ ಮನೆ ಇತ್ತು. ಅವ್ವ ರೊಟ್ಟಿ, ಸಾರು ತಂದು ಕೋಣೆಯ ಬಾಗಿಲ ಹೊರಗಿಟ್ಟು ಹೋಗುತ್ತಿದ್ದಳು, ನಾನು ಅವಳು ಹೋದ ಮೇಲೆ ತೆಗೆದುಕೊಳ್ಳುತ್ತಿದ್ದೆ. ಗೋಡೆಯ ಆಚೆಯಿಂದ ಅಕ್ಕ ಕೂಗಿ, ಊಟಾ ಮಾಡಿದೇನಲೇ ಹೊಟ್ಟಿನ ಕ್ವಾಣಿ ರಾಣಿ ಎಂದು ಕೇಳುತ್ತಿದ್ದಳು. ನನಗೆ ಜ್ವರಕ್ಕಿಂತ ಹೆಚ್ಚಾಗಿ ಹೆಮ್ಮೆ ಇತ್ತು. ಅಕ್ಕನಿಗೂ ಜ್ವರಕ್ಕೂ ನಡುವೆ ನಾನು ಒಂದು ಗೋಡೆ ಇಟ್ಟಿದ್ದೇನೆ ಅನ್ನಿಸಿತ್ತು.

ಮಂಗಳವಾರ ಪಾರ್ಟಿ ಬಂತು.

ಅವ್ವ, ಅಪ್ಪ ಹೊಲದಲ್ಲಿದ್ದರು. ನಾಲ್ಕೂ ಹುಡುಗಿಯರು ಮುಂಬಾಗಿಲಿನಿಂದ ನೇರ ಪಡಸಾಲೆಗೆ ಬಂದದ್ದು ನನಗೆ ಕೇಳಿಸಿತು. ಮುಂದಾಳಾಗಿ ಬಂದವಳು ನಮ್ಮ ಕ್ಲಾಸ್ ಲೀಡರ್, ಒಬ್ಬ ದರ್ಜಿಯ ಮಗಳು. ದನಿ ದೊಡ್ಡದು, ಅವತ್ತು ಕೆಮ್ಮು ಅದಕ್ಕಿಂತ ದೊಡ್ಡದಾಗಿತ್ತು. ನಾನು ಅಡಿಗೆ ಮನೆಯ ಬಾಗಿಲಿಗೆ ಬಂದು ನೋಡುವಷ್ಟರಲ್ಲಿ ಅವಳು ನಡೆದು ಸುಸ್ತಾಗಿ ಅಕ್ಕನ ಮಂಚದ ತುದಿಯಲ್ಲಿ ಕುಳಿತು, ಅಕ್ಕನ ತಲೆದೆಸೆಯ ಲೋಟದಿಂದಲೇ ನೀರು ಕುಡಿಯುತ್ತಿದ್ದಳು. ಅವಳ ಕಣ್ಣು ಕೆಂಡದ ಹಾಗಿದ್ದವು.

ಅಕ್ಕ ಹೇಳಿದಳು, “ಆಕಿಗೆ ಜ್ವರ ಐತವಾ. ಇವತ್ತ ಬರೂದಿಲ್ಲ ಅಂತ ಹೇಳ್ರಿ.”

“ಸರ್ ಕೇಳಂಗಿಲ್ಲಕ್ಕ. ಉಸಿರಾಡಾಕತ್ತಾಳಂದ್ರ ಕರಕೊಂಡ ಬರ್ರಿ ಅಂದಾರ.” ಹೇಳಿ ಅವಳು ನಕ್ಕಳು, ನಗು ಕೆಮ್ಮಾಗಿ ಅಕ್ಕನ ಹೊದಿಕೆಯ ಮೇಲೆ ಬಿತ್ತು.

ನಾನು ಬರುವುದಿಲ್ಲ ಎಂದೆ. ಉಳಿದ ಮೂವರು ಒಳಗೆ ನುಗ್ಗಿ ನನ್ನ ತೋಳು ಹಿಡಿದರು. ಆಗಿನ ನನ್ನ ಶಕ್ತಿಗೆ ಒಬ್ಬಳು ಸಾಕಿತ್ತು. ಅಕ್ಕನ ಮಂಚಕ್ಕೆ ತಾಗಿದ ಹಾಗೆಯೇ ನನ್ನನ್ನು ಎಳೆದುಕೊಂಡು ಹೋದರು. ನಾನು ಉಸಿರು ಬಿಗಿಹಿಡಿದು ದಾಟಲು ನೋಡಿದೆ, ಆಗಲಿಲ್ಲ, ಅಲ್ಲೇ ಕೆಮ್ಮು ಬಂತು.

ಕ್ಲಾಸಿನಲ್ಲಿ ನಾನು ಬೆಂಚಿನ ಮೇಲೆ ತಲೆಯಿಟ್ಟೆ. ಸರ್ ಮೊಬೈಲ್ ಹಿಡಿದುಕೊಂಡು ಬಂದು, “ತಲಿ ಎತ್ತು. ಫೋಟೋದಾಗ ಕಾಣವಲ್ಲಿ,” ಎಂದರು. ಎತ್ತಿದೆ. ಆ ಫೋಟೋ ಈಗಲೂ ಆ ಗುಂಪಿನಲ್ಲಿ ಇರಬಹುದು.

ಅದೇ ವಾರದ ಕೊನೆಗೆ ಅಕ್ಕನಿಗೆ ಜ್ವರ ಬಂತು. ಒಂದು ದಿನ ಮೈಕೈ ನೋವು, ಮರುದಿನ ಕೆಮ್ಮು, ಅದರ ಮರುದಿನ ಮಾತಾಡುವಾಗ ನಡುವೆ ನಡುವೆ ನಿಲ್ಲತೊಡಗಿದಳು. ಒಂದು ವಾಕ್ಯಕ್ಕೆ ಮೂರು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಅಪ್ಪ ಆಂಬುಲೆನ್ಸಿಗೆ ಫೋನ್ ಮಾಡಿದ. ಶಿಗ್ಗಾವಿಯಿಂದ ಹಾವೇರಿಗೆ, ಹಾವೇರಿಯಿಂದ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಮೂಗಿಗೆ ಆಕ್ಸಿಜನ್ ಹಾಕಿ, ತಾಯಿ ಉಳಿಯಬೇಕಾದರೆ ಕೂಸನ್ನು ಈಗಲೇ ತೆಗೆಯಬೇಕು ಎಂದು ಸಹಿ ಮಾಡಿಸಿಕೊಂಡರು. ಭಾವ ಹಿರೇಕೆರೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತ್ತು. ಅಳಲಿಲ್ಲವಂತೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ತಾಯಿ ಒಂದು ಮಾಳಿಗೆಯಲ್ಲಿ, ಕೂಸು ಇನ್ನೊಂದು ಮಾಳಿಗೆಯಲ್ಲಿ, ಅವ್ವ ಎರಡರ ನಡುವಿನ ಮೆಟ್ಟಿಲ ಮೇಲೆ.

ಮನೆಯಲ್ಲಿ ನಾನು ಮತ್ತು ಅಪ್ಪ ಉಳಿದೆವು. ಬೆಳಿಗ್ಗೆ ಮತ್ತು ಸಂಜೆ ಭಾವ ಫೋನ್ ಮಾಡುತ್ತಿದ್ದ. ಇವತ್ತು ಆಕ್ಸಿಜನ್ ಇಳಿಸಿದರು, ಇವತ್ತು ಮತ್ತೆ ಏರಿಸಿದರು ಎಂದು ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಏರಿಸಿದ ದಿನಗಳು ಹೆಚ್ಚಾಗಿದ್ದವು.

ಜ್ವರ ಅಕ್ಕನಿಗೆ ಲೀಡರ್‌ನಿಂದ ಬಂತೋ ನನ್ನಿಂದ ಬಂತೋ ಯಾರೂ ಹೇಳಲಾರರು. ಬೇರೆ ಎಲ್ಲಿಂದಲಾದರೂ ಬಂದಿರಲೂಬಹುದು ಎಂದು ಡಾಕ್ಟರು ಭಾವನಿಗೆ ಅಂದರಂತೆ. ಆದರೆ ನಾನು ಎಷ್ಟು ಸಲ ಕೂತು ಯೋಚಿಸಿದರೂ ದಾರಿ ಒಂದೇ ಕಾಣುತ್ತಿತ್ತು. ಲೀಡರ್ ಮಂಚದ ಮೇಲೆ ಕುಳಿತದ್ದೂ, ನಾನು ಆ ಮಂಚದ ಪಕ್ಕ ಕೆಮ್ಮಿದ್ದೂ ಸರ್ ಕಳಿಸಿದ ಪಾರ್ಟಿಯಿಂದಲೇ.

ಅಕ್ಕ ದವಾಖಾನೆ ಸೇರಿದ ಮೇಲೆ ಅಪ್ಪ ಕೆಲವು ದಿನ ನನ್ನನ್ನು ಶಾಲೆಗೆ ಬಿಟ್ಟಿರಲಿಲ್ಲ. ನಾನು ಮರಳಿದ ದಿನ ಅರ್ಧ ಕ್ಲಾಸ್ ಕೆಮ್ಮುತ್ತಿತ್ತು. ನಮ್ಮ ಹೆಡ್ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದರು. ಇಷ್ಟು ಜನಕ್ಕೆ ಜ್ವರ ಹೇಗೆ ಬಂತು ಎಂದು ಯಾರದೋ ಅಪ್ಪ ಬಂದು ಜಗಳ ತೆಗೆದಿದ್ದರಂತೆ. ಸರ್ ಹಾಜರಿ ಮುಗಿಸಿ, ಎಲ್ಲರ ಮುಂದೆ ನನ್ನ ಕಡೆ ಕೈ ಮಾಡಿ ಹೇಳಿದರು:

“ನಮ್ಮೂರಾಗ ಜ್ವರ ಇರಲಿಲ್ಲ. ಇವರ ಅಕ್ಕ ಹಿರೇಕೆರೂರು ಪ್ಯಾಟಿಯಿಂದ ತಂದಾಳ. ಬ್ಯಾರೆ ಊರಿಂದ ಬಂದವ್ರು ಮನ್ಯಾಗ ಇದ್ರ ಮೊದಲ ಹೇಳಬೇಕು.”

ಅಕ್ಕ ಬರುವ ಮುಂಚೆಯೇ ಕಿಟಕಿ ಬೆಂಚು ಕೆಮ್ಮುತ್ತಿತ್ತು ಎಂದು ಹೇಳಲು ನಾನು ಎದ್ದು ನಿಂತೆ. ಕುಂದ್ರು ಎಂದರು. ಕುಳಿತೆ. ಮಧ್ಯಾಹ್ನದ ಊಟದ ಸಾಲಿನಲ್ಲಿ ಒಬ್ಬ ಹುಡುಗ, “ಸರೀರೆಲೇ, ಹಿರೇಕೆರೂರು ಬಂತು,” ಎಂದ. ಸಂಜೆಯೊಳಗೆ ಅದೇ ನನ್ನ ಹೆಸರಾಯಿತು. ಆ ಹೊತ್ತಿಗೆ ಅಕ್ಕ ಕೂಸಿನ ಮುಖವನ್ನು ಇನ್ನೂ ನೋಡಿರಲಿಲ್ಲ.

ಅವತ್ತು ನಾನು ಒಂದು ನಿರ್ಧಾರ ಮಾಡಿದೆ. ಅವರು ಯಾವ ಬಾಯಿಂದ ಅದನ್ನು ಹೇಳಿದರೋ ಅದೇ ಬಾಯಿಂದ, ಅದೇ ಕ್ಲಾಸಿನಲ್ಲಿ, ಹಾಗಲ್ಲ ಎಂದು ಹೇಳಿಸಬೇಕು. ಅದಕ್ಕಿಂತ ಮುಂಚೆ, ನಮ್ಮ ಪಡಸಾಲೆಯಲ್ಲಿ ಏನಾಯಿತೋ ಅದರ ರುಚಿ ಅವರಿಗೂ ಒಂದಿಷ್ಟು ಗೊತ್ತಾಗಬೇಕು. ದೇವರು ನೋಡಿಕೊಳ್ಳುತ್ತಾನೆ ಎಂದು ಅಪ್ಪ ಹೇಳಿದ. ದೇವರಿಗೆ ನಮ್ಮ ಶಾಲೆಯ ಟೈಮ್ ಟೇಬಲ್ ಗೊತ್ತಿರುತ್ತದೆ ಎಂದು ನನಗೆ ನಂಬಿಕೆ ಇರಲಿಲ್ಲ.

ಲೀಡರ್ ಮೇಲೆಯೂ ನನಗೆ ಕೆಂಡದಂಥ ಸಿಟ್ಟಿತ್ತು. ಅವಳ ಜೊತೆ ಮಾತು ಬಿಟ್ಟಿದ್ದೆ. ಒಂದು ದಿನ ಬೋರಿನ ಹತ್ತಿರ ನೀರು ಹಿಡಿಯುವಾಗ ಅವಳೇ ಬಂದು ನಿಂತಳು.

“ನನಗೂ ಜ್ವರ ಇತ್ತಲೇ ಅವತ್ತ,” ಎಂದಳು. “ಸರ್‌ಗೆ ಹೇಳಿದ್ನಿ. ನೀ ಹೋಗ್ಲಿಲ್ಲಂದ್ರ ನಿನ್ನ ಜಪ್ತಿ ಮಾಡಾಕ ಯಾರ್‍ನ ಕಳಸ್ಲಿ ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕು ಹೋದ್ನಿ.”

ಅವಳ ಕಣ್ಣು ಯಾಕೆ ಹಾಗೆ ಕೆಂಪಾಗಿದ್ದವೆಂದು ಆಗ ತಿಳಿಯಿತು. ಅವಳ ಪಾಲಿನ ಸಿಟ್ಟನ್ನೂ ಸರ್ ಅವರ ಪಾಲಿಗೆ ಸೇರಿಸಿದೆ.

ಮುಂದಿನ ವಾರ ಸರ್ ಎರಡು ದಿನ ಬರಲಿಲ್ಲ. ಜ್ವರವಂತೆ, ಶಿಗ್ಗಾವಿಯ ಮನೆಯಲ್ಲಿ ಮಲಗಿದ್ದಾರಂತೆ ಎಂದು ಅಟೆಂಡರ್ ಹೇಳಿದ. ಇಡೀ ಕ್ಲಾಸ್ ಖುಷಿಯಿಂದ ಗಲಾಟೆ ಮಾಡುತ್ತಿತ್ತು. ನಾನು ಲೀಡರ್ ಹತ್ತಿರ ಹೋಗಿ, ನಾಳೆ ಪಾರ್ಟಿ ಹೊರಡಬೇಕು ಎಂದೆ.

“ಯಾರ ಮನಿಗೆ?”

“ಸರ್ ಮನಿಗೆ.”

ಅವಳು ನನ್ನ ಮುಖ ನೋಡಿದಳು. “ಸರ್‌ನ್ನ ಜಪ್ತಿ ಮಾಡೂದಾ?” ಎಂದು ಕೇಳಿ, ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗತೊಡಗಿದಳು. ಆಮೇಲೆ ನಗು ನಿಲ್ಲಿಸಿ, “ಖರೇನ ಬರ್ತೇನಿ,” ಎಂದಳು. ನನ್ನನ್ನು ಎಳೆದುಕೊಂಡು ಹೋಗಿದ್ದ ಮೂವರಲ್ಲಿ ಇಬ್ಬರು ಒಪ್ಪಿದರು. ಒಬ್ಬಳು ಹೆದರಿದಳು. ಅವಳ ಜಾಗಕ್ಕೆ ನಾನಿದ್ದೆ, ಲೆಕ್ಕ ನಾಲ್ಕಕ್ಕೆ ಸರಿಹೋಯಿತು.

ಬುಧವಾರ ಬೆಳಗಿನ ಮೊದಲ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ, ಇಷ್ಟು ಮುಂಜಾನೆ ಎಲ್ಲಿಗ್ರವಾ ದಂಡು ಎಂದು ಕೇಳಿದ. ಸರ್‌ನ್ನ ಮಾತಾಡಿಸಾಕ ಎಂದಳು ಲೀಡರ್. ಒಳ್ಳೆ ಹುಡುಗ್ಯಾರು ಎಂದು ಅವನು ಮೆಚ್ಚಿಕೊಂಡ.

ಒಂದು ವಿಷಯದಲ್ಲಿ ನಾನು ಎಲ್ಲರಿಂದ ಮಾತು ತೆಗೆದುಕೊಂಡಿದ್ದೆ. ಯಾರೂ ಅವರ ಹೊಸ್ತಿಲು ದಾಟಬಾರದು. ಅವರ ಮನೆಯಲ್ಲಿ ಸಣ್ಣ ಹುಡುಗನಿದ್ದಾನೆಂದು ನನಗೆ ಗೊತ್ತಿತ್ತು. ನಾಲ್ವರೂ ಮಾಸ್ಕ್ ಹಾಕಿಕೊಂಡು, ಅವರ ಓಣಿಯಲ್ಲಿ, ಗಟಾರದ ಈಚೆ ನಿಂತೆವು. ದೂರ ನಿಂತರೆ ಜೋರಾಗಿ ಮಾತಾಡಬೇಕಾಗುತ್ತದೆ, ಜೋರಾಗಿ ಮಾತಾಡಿದರೆ ಓಣಿಗೆಲ್ಲ ಕೇಳಿಸುತ್ತದೆ. ಅದನ್ನೂ ಲೆಕ್ಕ ಹಾಕಿಯೇ ಹೋಗಿದ್ದೆ.

ಸರ್ ಅವರ ಹೆಂಡತಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ನಾವು ಅವರ ವಿದ್ಯಾರ್ಥಿಗಳೆಂದು ತಿಳಿದು, ಒಳಗ ಬರ್ರಿ, ಚಾ ಮಾಡ್ತೇನಿ ಎಂದರು. ಬೇಡ್ರಿ ಅಕ್ಕಾರ, ಸರ್‌ನ ಶಾಲಿಗೆ ಕರಕೊಂಡು ಹೋಗಾಕ ಬಂದೇವಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೈ ಸುಡುವ ಜ್ವರವಿದೆ, ಎದ್ದು ಕೂಡುವುದಕ್ಕೂ ಆಗುತ್ತಿಲ್ಲ ಎಂದರು. ನಮ್ಮ ದನಿ ಕೇಳಿ ಸರ್ ಬಾಗಿಲಿಗೆ ಬಂದರು. ಲುಂಗಿ, ಸ್ವೆಟರ್, ತಲೆಗೆ ಮಫ್ಲರ್. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಕ್ಲಾಸಿನಲ್ಲಿ ನೋಡಿದ್ದಕ್ಕಿಂತ ಗಿಡ್ಡಗೆ ಕಂಡರು.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, “ಸರ್, ಹಾಜರಿ ತುಂಬಬೇಕ್ರಿ. ಬರ್ರಿ.”

“ಆರಾಮಿಲ್ಲವಾ ನನಗ. ಹೋಗ್ರಿ ನೀವು.”

“ಉಸಿರಾಡಾಕತ್ತೀರಿಲ್ರಿ, ಸರ್?”

ಎದುರು ಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಈ ಕಡೆ ತಿರುಗಿದರು. ಪಕ್ಕದ ಮನೆಯ ಮುದುಕಿ ಹೊರಗೆ ಬಂದಳು.

“ಉಸಿರಾಡಾಕತ್ತಾರಂದ್ರ ಹಾಜರ್ ಅಂತ ನೀವ ಹೇಳೀರಿ,” ಎಂದೆ. “ನಮ್ಮಕ್ಕಗ ಉಸಿರಾಡಾಕ ಬರವಲ್ದ್ರಿ. ಹುಬ್ಬಳ್ಯಾಗ ಮೂಗಿಗೆ ನಳಿಗಿ ಹಾಕ್ಯಾರ. ಎಂಟು ತಿಂಗಳ ಬಸುರಿ ಮನಿಗೆ ಜ್ವರದ ಹುಡುಗೀನ ನೀವ ಕಳಿಸಿದ್ರಿ. ಆಮ್ಯಾಲ ಆಕೀನ ಜ್ವರ ತಂದಾಳಂತ ಕ್ಲಾಸಿನಾಗ ಹೇಳಿದ್ರಿ.”

ಮನೆಯಲ್ಲಿ ಇದನ್ನು ಹತ್ತು ಸಲ ಗುನುಗಿಕೊಂಡಿದ್ದೆ. ದನಿ ನಡುಗಬಾರದೆಂದು ಅಂದುಕೊಂಡಿದ್ದೆ. ನಡುಗಲಿಲ್ಲ.

ಸರ್ ಅವರ ಹೆಂಡತಿ ಬಕೆಟ್ ಕೆಳಗಿಟ್ಟು ಗಂಡನ ಕಡೆ ತಿರುಗಿದರು. “ಖರೇ ಏನ್ರಿ ಇದು?”

“ಹಾಜರಿ ಕಡಿಮಿ ಆದ್ರ ಮ್ಯಾಲಿನವ್ರು ನನ್ನ ಕೇಳ್ತಾರ,” ಎಂದರು ಸರ್, ನಮಗಲ್ಲ, ಅವರಿಗೆ. ಆಮೇಲೆ ಹಟ ಬಂದವರ ಹಾಗೆ, “ಅಂಗಿ ಕೊಡು, ಹೋಗ್ತೇನಿ. ಇವರ ಕಡೆ ಅನಿಸಿಕೊಳ್ಳೂದು ಬ್ಯಾಡ,” ಎಂದು ಒಳಗೆ ತಿರುಗಿದರು.

ಅವರು ಬರಬೇಕೆಂದು ಆ ಗಳಿಗೆಯಲ್ಲಿ ನನಗೆ ಎಷ್ಟು ಆಸೆಯಿತ್ತೆಂದು ಬರೆಯುವುದು ಕಷ್ಟ. ಬಸ್ಸಿನಲ್ಲಿ ನಡುಗುತ್ತ ನಿಲ್ಲಬೇಕು, ಕ್ಲಾಸಿನಲ್ಲಿ ಮೇಜಿನ ಮೇಲೆ ತಲೆಯಿಡಬೇಕು, ತಲೆ ಎತ್ತಿ ಎಂದು ಯಾರಾದರೂ ಹೇಳಬೇಕು. ಅವರು ಬಂದು ಕೆಮ್ಮಿದರೆ ಬೆಂಚುಗಳಲ್ಲಿ ಕೂತವರಿಗೆ ಏನಾಗುತ್ತದೆ ಎಂಬುದು ಕೂಡ ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಇರಲಿಲ್ಲ. ಅದು ಅವರ ಹೆಂಡತಿಯ ತಲೆಯಲ್ಲಿ ಇತ್ತು. ಅವರು ಗಂಡನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, “ಇನ್ನೂ ಎಷ್ಟ ಮನಿಗೆ ಹಚ್ಚಬೇಕಂತ ಮಾಡೀರಿ? ಮಲಕೋರಿ,” ಎಂದರು. ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದರು. ಎದುರು ಕಟ್ಟೆಯವರು ಉಗುಳಿ ನಕ್ಕರು.

ನಮ್ಮ ಹತ್ತಿರ ಬಂದು ಅಕ್ಕ ಯಾವ ದವಾಖಾನೆಯಲ್ಲಿದ್ದಾಳೆ, ಕೂಸು ಹೇಗಿದೆ ಎಂದು ಕೇಳಿದರು. ಹೇಳಿದೆ. ಅವರು ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಅಳಲಿಲ್ಲ. ನಿಮ್ಮ ಹೆಡ್ ಬಾಯಾರ ನಂಬರ್ ಇದ್ದರೆ ಕೊಡು ಎಂದರು. ನನ್ನ ಹತ್ತಿರ ಇತ್ತು, ಕೊಟ್ಟೆ.

ಹೆಡ್ ಬಾಯಾರು ತರಬೇತಿ ಬಿಟ್ಟು ಮರುದಿನವೇ ಬಂದರು. ಮೊದಲು ನಾಲ್ವರನ್ನೂ ನಿಲ್ಲಿಸಿ, ಹೇಳದೆ ಕೇಳದೆ ಊರು ಬಿಟ್ಟು ಹೋದದ್ದಕ್ಕೆ ಚೆನ್ನಾಗಿ ಬೈದರು. ಆಮೇಲೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಮಾತಾಡಿದರು. ಜ್ವರ ಬಂದವರು ಮನೆಯಲ್ಲೇ ಇರಬೇಕು. ಜ್ವರ ಇಳಿದ ಮೇಲೂ ಒಂದು ದಿನ ಕಳೆದು ಬರಬೇಕು. ಯಾರೂ ಯಾರ ಮನೆಗೂ ಹೋಗಿ ಎಳೆದು ತರಬಾರದು. ಪಾಠವನ್ನು ಫೋನಿಗೆ ಕಳಿಸುತ್ತೇವೆ, ಫೋನ್ ಇಲ್ಲದವರಿಗೆ ವಾಪಸ್ ಬಂದ ಮೇಲೆ ಹೆಚ್ಚಿನ ಕ್ಲಾಸ್. ಆರೋಗ್ಯ ಇಲಾಖೆಯವರು ಬಂದು ನೋಡಿಹೋದರು. ಮೊಳೆ ಹೊಡೆದು ಮುಚ್ಚಿದ್ದ ಕ್ಲಾಸಿನ ಕಿಟಕಿಗಳನ್ನು ತೆರೆದರು. ಊಟದ ಮುಂಚೆ ಕೈ ತೊಳೆಯಲು ಸೋಪು ಬಂತು. ಮಾಡಬೇಕಾಗಿದ್ದದ್ದು ಇಷ್ಟೇ. ಇದಕ್ಕೆ ಪ್ರಮೇಯ ಗೊತ್ತಿರಬೇಕಾಗಿರಲಿಲ್ಲ. ಸ್ವಲ್ಪ ದಿನ ಬೆಂಚುಗಳು ಖಾಲಿ ಇದ್ದವು, ಆಮೇಲೆ ತಾವಾಗಿಯೇ ತುಂಬಿದವು.

ಹೆಡ್ ಬಾಯಾರು ನನ್ನನ್ನು ಒಬ್ಬಳನ್ನೇ ಕರೆದು, ಇನ್ನೇನಾದರೂ ಹೇಳುವುದಿದೆಯಾ ಎಂದು ಕೇಳಿದರು. ಸರ್ ಕ್ಲಾಸಿನಲ್ಲಿ ಹೇಳಿದ್ದನ್ನು ಕ್ಲಾಸಿನಲ್ಲೇ ವಾಪಸ್ ತೆಗೆದುಕೊಳ್ಳಬೇಕು, ಅದು ಬಿಟ್ಟು ನನಗೆ ಬೇರೇನೂ ಬೇಡ ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಗಲಿ ಎಂದರು.

ಸರ್ ಅದರ ಮುಂದಿನ ವಾರ ಬಂದರು. ದನಿ ಇನ್ನೂ ಒಡೆದಿತ್ತು. ಹಾಜರಿ ಕರೆದರು, ಫೋಟೋ ತೆಗೆಯಲಿಲ್ಲ. ಬೋರ್ಡಿನ ಕಡೆ ತಿರುಗಿ ವೃತ್ತ ಬರೆಯುತ್ತ, ನಮಗೆ ಬೆನ್ನು ಮಾಡಿಕೊಂಡೇ, ಹೋದ ಸಲ ಜ್ವರದ ಬಗ್ಗೆ ಏನೋ ಅಂದಿದ್ದೆ, ಅದು ಸರಿಯಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಸ್ಪರ್ಶಕ ಎಳೆಯತೊಡಗಿದರು.

ನಾನು ಮೂರನೇ ಬೆಂಚಿನಿಂದ ಎದ್ದು ನಿಂತೆ. “ಸರ್, ಹಿಂದಿನವ್ರಿಗೆ ಕೇಳಸ್ಲಿಲ್ರಿ.”

ಸೀಮೆಸುಣ್ಣ ನಿಂತಿತು. ಕುಂದ್ರು ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಅವರು ನಿಧಾನವಾಗಿ ನಮ್ಮ ಕಡೆ ತಿರುಗಿದರು. ಕೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಹಿರೇಕೆರೂರಿಂದ ಜ್ವರ ಬಂದಿಲ್ಲ,” ಎಂದರು. “ಆಕಿ ಅಕ್ಕ ತಂದಿಲ್ಲ. ಶಾಲಿಯಿಂದ ಅವರ ಮನಿಗೆ ಹೋಗೇತಿ. ಕಳಿಸಿದಾಂವ ನಾನು.”

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ನಾನು ಅವರನ್ನು ಇನ್ನೂ ಒಂದಿಷ್ಟು ಹೊತ್ತು ಹಾಗೆಯೇ ನಿಲ್ಲಿಸಿ ಆಮೇಲೆ ಕುಳಿತೆ. ಅವತ್ತಿನಿಂದ ನನ್ನನ್ನು ಯಾರೂ ಹಿರೇಕೆರೂರು ಎಂದು ಕರೆಯಲಿಲ್ಲ. ಪಾಪ, ಸರ್ ಬಾಯಿ ಬಿಟ್ಟು ಒಪ್ಪಿಕೊಂಡರು, ಇನ್ನು ಬಿಟ್ಟುಬಿಡು ಎಂದು ಲೀಡರ್ ಆಮೇಲೆ ನನಗೆ ಹೇಳಿದಳು. ಅವಳು ಬಿಟ್ಟಳು. ನಾನು ಬಿಟ್ಟಿಲ್ಲ. ಗಣಿತದಲ್ಲಿ ಒಳ್ಳೆಯ ಅಂಕ ಬಂದಾಗ ಎಲ್ಲರೂ ಪೇಢೆ ತೆಗೆದುಕೊಂಡು ಅವರ ಹತ್ತಿರ ಹೋದರು, ನಾನು ಹೋಗಲಿಲ್ಲ. ಈಗ ಹಾನಗಲ್ಲಿನ ಕಾಲೇಜಿಗೆ ಹೋಗಿಬರುವಾಗ ಅವರು ಎಂದಾದರೂ ಬಸ್ಸಿನಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತೇನೆ, ಮಾತಾಡಿಸುವುದಿಲ್ಲ.

ಅಕ್ಕ ಹುಬ್ಬಳ್ಳಿಯಿಂದ ವಾಪಸ್ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕೂಸು ಅಂಗೈಯಗಲದ ಮುಖ ಮಾಡಿಕೊಂಡು, ಎರಡು ಕುಲಾಯಿ ಹಾಕಿಕೊಂಡು ಬಂತು. ಬಂದ ದಿನವೇ ನಾನು ಅಕ್ಕನ ಎದುರು ಕುಳಿತು ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಓಣಿ, ಚಪ್ಪಲಿ, ಚಿಲಕ, ಬೋರ್ಡು ಎಲ್ಲ. ಚಿಲಕದ ಸುದ್ದಿಗೆ ಅವಳು ನಕ್ಕಳು, ನಕ್ಕದ್ದಕ್ಕೆ ದಮ್ಮು ಹತ್ತಿತು.

“ಹಿರೇಕೆರೂರು ಅಂತ ಹೆಸರ ತಗೊಂಡು ಹೇಳಿದ್ರಾ?” ಎಂದು ಕೇಳಿದಳು.

“ಹೇಳಿದ್ರು.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ. ಎರಡು ಸಲ ಹೇಳಿಸಿದ್ನಿ.”

“ಚಲೋ ಮಾಡಿದಿ,” ಎಂದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೊರಟಳು. ಪಡಸಾಲೆಯಿಂದ ಹಿತ್ತಲಿನ ಬಾಗಿಲಿಗೆ ಎಷ್ಟು ದೂರವಿದ್ದೀತು. ಅಷ್ಟರಲ್ಲಿ ಅವಳು ಒಂದು ಸಲ ಅಡಿಗೆ ಮನೆಯ ಹೊಸ್ತಿಲ ಮೇಲೆ ಕುಳಿತಳು, ಇನ್ನೊಂದು ಸಲ ಗೋವಿನಜೋಳದ ಚೀಲದ ಮೇಲೆ. ನಾನು ಕೂಸನ್ನು ಎತ್ತಿಕೊಂಡು ಅವಳ ಹಿಂದೆಯೇ ನಡೆದೆ. ಅವಳು ಕುಳಿತಾಗ ನಾನು ನಿಂತೆ.